ಜಮಖಂಡಿಗೆ ಎಷ್ಟು ಬೈಟು?

ಜಮಖಂಡಿ, ಮುಧೋಳದ ಹಳೆಯ ಮನೆತನಗಳಲ್ಲಿ ಅಟ್ಟದ ಮೇಲೆ ಒಂದು ಟ್ರಂಕು ಇರುವುದುಂಟು. ಅದರ ತಳದಲ್ಲಿ, ಮಡಿಕೆ ಬಿಚ್ಚದ ಸೀರೆಗಳ ಕೆಳಗೆ, ಅರಿವೆಯಲ್ಲಿ ಸುತ್ತಿಟ್ಟ ಕಾಗದಪತ್ರಗಳು. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದ, ಎರಡೂ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ಮುಂಚಿನ ಕಾಲದವು. ಕಾಗದ ಗಟ್ಟಿಯಾಗಿದೆ, ಶಾಯಿ ಇನ್ನೂ ಕಪ್ಪಗಿದೆ, ಒಂದಕ್ಷರವೂ ಅಳಿಸಿಲ್ಲ. ಆದರೆ ಮನೆಯಲ್ಲಿ ಯಾರಿಗೂ ಓದಲು ಬಾರದು. ಬರೆದಿರುವುದು ಮೋಡಿ ಲಿಪಿಯಲ್ಲಿ. ಭಾಷೆ ಮರಾಠಿಯೇ ಆದರೂ ಇಂದಿನ ಮರಾಠಿ ಮೇಷ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೈಚೆಲ್ಲುತ್ತಾರೆ, ಯಾಕೆಂದರೆ ಅವರು ಕಲಿತದ್ದು ಬಾಳಬೋಧ. ಹೊಲದ ಹಕ್ಕಿನ ಪ್ರಶ್ನೆ ಬಂದಾಗ ಮೋಡಿ ಬಲ್ಲ ಹಿರಿಯರೊಬ್ಬರನ್ನು ಹುಡುಕಿಕೊಂಡು ಊರೂರು ಅಲೆಯಬೇಕು.

ಕಾಗದ ಕಳೆದುಹೋಗುವುದು ಒಂದು ಬಗೆಯ ನಷ್ಟ. ಕಾಗದ ಕೈಯಲ್ಲಿದ್ದೂ ಓದಲಾಗದಿರುವುದು ಇನ್ನೊಂದು ಬಗೆ. ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ ಮಾತಾಡಿಸುವ ತಂತ್ರಾಂಶಗಳನ್ನು ಬರೆಯುವವರಿಗೆ, ಅದಕ್ಕಿಂತ ಹೆಚ್ಚಾಗಿ ಅವುಗಳನ್ನು ಪರೀಕ್ಷೆ ಮಾಡುವವರಿಗೆ, ಹೆಚ್ಚು ಕಾಟ ಕೊಡುವುದು ಈ ಎರಡನೆಯದು. ತಂತಿ ತುಂಡಾದರೆ ಕೂಡಲೇ ಗೊತ್ತಾಗುತ್ತದೆ. ತಂತಿ ಸರಿಯಿದ್ದು, ಕಳಿಸಿದ್ದೆಲ್ಲ ತಲುಪಿ, ತಲುಪಿದ್ದು ಬೇರೆ ಲಿಪಿಯಲ್ಲಿದ್ದರೆ ಅದು ಗೊತ್ತಾಗಲು ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬುದು ಮನುಷ್ಯರು ಕೂತು ಮಾಡಿಕೊಂಡ ಒಪ್ಪಂದ. ತೊಂದರೆ ಏನೆಂದರೆ, ಅಂಥ ಒಪ್ಪಂದ ಒಂದೇ ಇಲ್ಲ. ನಮ್ಮ ಮೇಜಿನ ಮೇಲಿನ ಪಿ.ಸಿ.ಗಳು ನೆಚ್ಚಿಕೊಂಡಿರುವುದು 1963ರಲ್ಲಿ ಅಮೆರಿಕದಲ್ಲಿ ಹೊರಬಂದ ಆಸ್ಕಿ ಎಂಬ ಪಟ್ಟಿಯನ್ನು ಮತ್ತು ಅದರ ಮೇಲೆ ಬೆಳೆದ ಪಟ್ಟಿಗಳನ್ನು. ಅದರಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 65. ಮರುವರ್ಷ, 1964ರ ಏಪ್ರಿಲಿನಲ್ಲಿ, ಐಬಿಎಂ ಕಂಪನಿ ತನ್ನ ಸಿಸ್ಟಂ/360 ಎಂಬ ದೊಡ್ಡ ಗಣಕಗಳ ಸಂತಾನವನ್ನು ಪ್ರಕಟಿಸಿದಾಗ ಅದಕ್ಕೆ ಕಟ್ಟಿಕೊಟ್ಟದ್ದು ತನ್ನದೇ ಆದ ಎಬ್ಸಿಡಿಕ್ ಎಂಬ ಬೇರೆ ಪಟ್ಟಿ. ಅದರಲ್ಲಿ ಅದೇ 'ಎ'ಗೆ 193. ಆಸ್ಕಿಗಾಗಿ ದುಡಿದವರಲ್ಲಿ ಮುಂಚೂಣಿಯಲ್ಲಿದ್ದ ಬಾಬ್ ಬೆಮರ್ ಆ ಕೆಲಸ ಶುರುವಾದ ದಿನಗಳಲ್ಲಿ ಐಬಿಎಂನ ನೌಕರರೇ ಆಗಿದ್ದರೆಂಬುದು ಇಲ್ಲಿನ ತಮಾಷೆ. ಮನೆಯ ಮಗ ಒಂದು ಕಡೆ, ಮನೆ ಇನ್ನೊಂದು ಕಡೆ.

ಆ ಬೇರೆ ಪಟ್ಟಿ ಮುಂದೆ ಐಬಿಎಂನ ಮಧ್ಯಮ ಗಾತ್ರದ ಗಣಕಗಳಿಗೂ ಇಳಿದು ಬಂತು. ಮೇನ್‌ಫ್ರೇಮಿಗಿಂತ ಚಿಕ್ಕವು, ಪಿ.ಸಿ.ಗಿಂತ ದೊಡ್ಡವು, ಬ್ಯಾಂಕು, ವಿಮೆ, ಕಾರ್ಖಾನೆ, ಗೋದಾಮುಗಳ ಲೆಕ್ಕಪತ್ರ ನೋಡಿಕೊಳ್ಳಲು ಮಾಡಿದವು. ಇವುಗಳಲ್ಲಿ ಹೆಸರಾದದ್ದು 1988ರ ಜೂನ್ 21ರಂದು ಬಿಡುಗಡೆಯಾದ ಎಎಸ್/400. ಆಮೇಲೆ ಅದರ ಹೆಸರು ಹಲವು ಸಲ ಬದಲಾಯಿತು, ಈಗ ಅದರ ಕಾರ್ಯವ್ಯವಸ್ಥೆಗೆ ಐಬಿಎಂ ಐ ಎನ್ನುತ್ತಾರೆ. ಹೆಸರು ಬದಲಾದರೂ ಒಳಗಿನ ಎಬ್ಸಿಡಿಕ್ ಬದಲಾಗಲಿಲ್ಲ. ಮೂವತ್ತು ವರ್ಷದ ಹಿಂದೆ ಬರೆದ ಲೆಕ್ಕದ ಪ್ರೋಗ್ರಾಮು ಇಂದೂ ಅದರ ಮೇಲೆ ಓಡುತ್ತದೆ. ಅದೇ ಅದರ ಹೆಗ್ಗಳಿಕೆ, ಅದೇ ಅದರ ಹೊರೆ.

ಇಂಥ ಯಂತ್ರ ಜಮಖಂಡಿಯ ಬಜಾರದಲ್ಲಿ ಕಾಣಸಿಗುವಂಥದ್ದಲ್ಲ. ಆದರೆ ಅದರ ಪೂರ್ವಜನನ್ನು ನೋಡಬೇಕೆಂದರೆ ರಬಕವಿ-ಬನಹಟ್ಟಿಯ ನೇಕಾರರ ಓಣಿಗೆ ಹೋದರೆ ಸಾಕು. ಸೀರೆಯ ಅಂಚಿಗೆ, ಸೆರಗಿಗೆ ಹೂಬಳ್ಳಿ ತೆಗೆಯುವ ಜಕಾರ್ಡ್ ಮಗ್ಗದ ತಲೆಯ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಸರಮಾಲೆ ತೂಗುತ್ತಿರುತ್ತದೆ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ತಂದ ಉಪಾಯ ಅದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಬನಹಟ್ಟಿಯ ಹುಡುಗ ಹಬ್ಬಕ್ಕೆ ಊರಿಗೆ ಬಂದರೆ ಮಾತು ಹೀಗೆ ನಡೆದೀತು:

'ನಮ್ಮ ರಟ್ಟಿನ್ಯಾಗ ತೂತ ಇದ್ರ ಎಳಿ ಮ್ಯಾಲ ಏಳತೈತಿ, ಇಲ್ಲಂದ್ರ ಇಲ್ಲ. ನಿನ್ನ ಕಂಪ್ಯೂಟರಿನ್ಯಾಗ ಏನ ಇರತೈತಿ ತಮ್ಮಾ?'

'ಅದೂ ಹಂಗ ಕಾಕಾ. ತೂತ ಇದ್ರ ಒಂದು, ಇಲ್ಲಂದ್ರ ಸೊನ್ನಿ. ಒಂದು ಕೇಳ್ತೀನಿ, ಈ ಮಗ್ಗಕ್ಕಂತ ಮಾಡಿದ ರಟ್ಟ ಬ್ಯಾರೆ ಕಟ್ಟಿನ ಮಗ್ಗಕ್ಕ ಹಾಕಿದ್ರ ಏನಾಗತೈತಿ?'

'ಆಗೂದೇನ? ಸೀರಿ ಬರತೈತಿ, ಹೂವ ಬರೂದಿಲ್ಲ.'

ಎಬ್ಸಿಡಿಕ್‌ಗೂ ತೂತಿನ ರಟ್ಟಿಗೂ ಇರುವುದು ಬರೀ ಹೋಲಿಕೆಯ ನಂಟಲ್ಲ, ರಕ್ತಸಂಬಂಧ. ಅಮೆರಿಕದ ಹರ್ಮನ್ ಹಾಲೆರಿತ್ 1890ರ ಜನಗಣತಿಯ ಲೆಕ್ಕವನ್ನು ತೂತಿನ ಕಾರ್ಡುಗಳಲ್ಲಿ ಮಾಡಿದ. ಅವನ ಕಂಪನಿ ಮುಂದೆ ಐಬಿಎಂ ಎಂಬ ದೊಡ್ಡ ಮನೆತನದಲ್ಲಿ ಸೇರಿಹೋಯಿತು. ಐಬಿಎಂ ಕಾರ್ಡಿನಲ್ಲಿ ಒಂದು ಅಕ್ಷರಕ್ಕೆ ಒಂದು ಕಂಬಸಾಲು, ಸಾಲಿಗೆ ಹನ್ನೆರಡು ತೂತಿನ ಜಾಗ. 'ಎ'ಯಿಂದ 'ಐ'ವರೆಗಿನ ಒಂಬತ್ತು ಅಕ್ಷರಕ್ಕೆ ಮೇಲಿನ ಒಂದು ತೂತು ಸಮಾನ, 'ಜೆ'ಯಿಂದ 'ಆರ್'ವರೆಗಿನ ಒಂಬತ್ತಕ್ಕೆ ಇನ್ನೊಂದು, ಉಳಿದ ಎಂಟಕ್ಕೆ ಮತ್ತೊಂದು. ಕಾರ್ಡು ಹೋಯಿತು, ಗುಂಪು ಉಳಿಯಿತು. ಹೀಗಾಗಿ ಎಬ್ಸಿಡಿಕ್‌ನಲ್ಲಿ 'ಐ'ಗೆ 201, ಅದರ ಪಕ್ಕದ 'ಜೆ'ಗೆ 209. 'ಆರ್'ಗೆ 217, 'ಎಸ್'ಗೆ 226. ಇಂಗ್ಲಿಷ್ ಅಕ್ಷರ ಇಪ್ಪತ್ತಾರೇ ಆದರೂ 'ಎ'ಯಿಂದ 'ಝಡ್'ವರೆಗೆ ಎಣಿಸುತ್ತ ಹೋದರೆ 41 ಮನೆಗಳು. ಪಿ.ಸಿ.ಯಲ್ಲಿ ಕಲಿತ ಹುಡುಗ 'ಎ ಮತ್ತು ಝಡ್ ನಡುವೆ ಬಂದದ್ದೆಲ್ಲ ಅಕ್ಷರ' ಎಂದು ಬರೆದಿಟ್ಟರೆ ಎಎಸ್/400ರಲ್ಲಿ ಆ ನಡುವಿನ ಖಾಲಿ ಮನೆಗಳಲ್ಲಿ ಕುಳಿತ ಆವರಣ ಚಿಹ್ನೆಯೂ ಓರೆಗೆರೆಯೂ ಅಕ್ಷರವೆಂದೇ ಒಳಗೆ ಬರುತ್ತವೆ.

ಈಗ ಪರೀಕ್ಷೆಗೆ ಬರೋಣ. ಒಂದು ಕಡೆ ಪಿ.ಸಿ., ಇನ್ನೊಂದು ಕಡೆ ಎಎಸ್/400, ನಡುವೆ ಟಿಸಿಪಿ/ಐಪಿ. ಈ ಟಿಸಿಪಿ/ಐಪಿ ನಿಯತ್ತಿನ ಅಂಚೆಯವನಿದ್ದಂತೆ: ಕೊಟ್ಟದ್ದನ್ನು ಕೊಟ್ಟ ಕ್ರಮದಲ್ಲಿ ಮುಟ್ಟಿಸುತ್ತದೆ, ಒಡೆದು ಓದುವುದಿಲ್ಲ, ಅನುವಾದ ಮಾಡುವುದಿಲ್ಲ. ಪಿ.ಸಿ.ಯಿಂದ ಜಮಖಂಡಿ ಎಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಕಳಿಸಿದಿರಿ ಎನ್ನಿ. ಹೊರಟ ಅಂಕಿಗಳು 74, 65, 77, 75, 72, 65, 78, 68, 73. ಆ ಕಡೆಯ ಯಂತ್ರ ಅವನ್ನು ತನ್ನ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದು ಅಮೆರಿಕದ ಸೆಂಟ್ ಗುರುತು, ಒಂದು ಖಾಲಿ ಜಾಗ, ಒಂದು ಕಂಸ, ಒಂದು ಚುಕ್ಕೆ, ಬಾಲವಿರುವ 'ಸಿ', ಮತ್ತೆ ಖಾಲಿ, ಕೂಡಿಸುವ ಗುರುತು, ತಲೆಯ ಮೇಲೆ ಗೀರು ಹೊತ್ತ 'ಎ', ಅಲೆ ಹೊತ್ತ 'ಎನ್'. ಅತ್ತ ಕಡೆಯಿಂದ ಅದೇ ಹೆಸರು ಇತ್ತ ಬಂದರೆ 209, 193, 212, 210 ಎಂದು ಶುರುವಾಗುತ್ತದೆ, ಪಿ.ಸಿ.ಯ ತೆರೆಯ ಮೇಲೆ ಯುರೋಪಿನ ಯಾವುದೋ ಭಾಷೆಯ ಟೋಪಿ ಹಾಕಿದ ಅಕ್ಷರಗಳ ಮೆರವಣಿಗೆ. ವಿಳಾಸದ ಮೂವತ್ತು ಅಕ್ಷರದ ಜಾಗದಲ್ಲಿ ಹೆಸರು ಮುಗಿದ ಮೇಲೆ ತುಂಬಿದ ಖಾಲಿ ಜಾಗಗಳಿದ್ದರಂತೂ, ಎಬ್ಸಿಡಿಕ್‌ನ ಖಾಲಿಗೆ 64, ಆಸ್ಕಿಯಲ್ಲಿ 64 ಎಂದರೆ ಇ-ಮೇಲ್ ವಿಳಾಸದಲ್ಲಿ ಬರುವ ಆ ಸುರುಳಿ 'ಎ'. ತೆರೆಯ ತುಂಬ ಚಕ್ಕುಲಿ.

ಹೀಗೆ ಕಣ್ಣಿಗೆ ಹೊಡೆಯುವ ತಪ್ಪು ಒಳ್ಳೆಯ ತಪ್ಪು. ಅದು ಮೊದಲ ದಿನವೇ ಸಿಗುತ್ತದೆ, ಗಡಿಯಲ್ಲಿ ಒಂದು ಪರಿವರ್ತನೆ ಹಾಕಿದರೆ ಹೋಗುತ್ತದೆ. ಅಡಗಿ ಕೂರುವ ತಪ್ಪುಗಳು ಬೇರೆ ಇವೆ.

ಒಂದು, ಸಾಲಿನ ಕೊನೆ. ಪಿ.ಸಿ.ಯಿಂದ ಟೆಲ್ನೆಟ್ ಮೂಲಕ ಒಂದು ಆಜ್ಞೆ ಬರೆದು ಎಂಟರ್ ಒತ್ತುತ್ತೀರಿ. 'ಸಾಲು ಮುಗಿಯಿತು' ಎಂಬುದಕ್ಕೆ ಆಸ್ಕಿಯಲ್ಲಿ 10. ಎಬ್ಸಿಡಿಕ್‌ನಲ್ಲಿ 37, ಕೆಲವೆಡೆ 21. ಆ ಕಡೆಯ ಪ್ರೋಗ್ರಾಮು ಸಾಲು ಮುಗಿಯಲೆಂದು ಕಾಯುತ್ತ ಕೂರುತ್ತದೆ, ಈ ಕಡೆಯವರು ಉತ್ತರ ಬರಲೆಂದು ಕಾಯುತ್ತ ಕೂರುತ್ತಾರೆ. ಯಾವ ದೋಷವೂ ವರದಿಯಾಗುವುದಿಲ್ಲ. ನೆಟ್‌ವರ್ಕ್ ನಿಧಾನವಾಗಿದೆ ಎಂದು ತಂತಿಯವರನ್ನು ಬೈಯುವುದು ವಾಡಿಕೆ.

ಇನ್ನೊಂದು, ಹಣದ ಲೆಕ್ಕ. ಮುಧೋಳ, ಜಮಖಂಡಿಯೆಂದರೆ ಕಬ್ಬಿನ ಸೀಮೆಯಾದ್ದರಿಂದ ಕಬ್ಬಿನ ಬಿಲ್ಲಿನ ಉದಾಹರಣೆಯನ್ನೇ ಊಹಿಸಿಕೊಳ್ಳೋಣ. ಬಿಲ್ಲಿನಲ್ಲಿ ರೈತನ ಹೆಸರು, ಊರು, ಕಡಿತದ ಮೊತ್ತ 1,250 ರೂಪಾಯಿ. ಎಎಸ್/400ರಲ್ಲಿ ಹೆಸರು ಅಕ್ಷರವಾಗಿ ಇದ್ದರೆ ಮೊತ್ತ ಸಾಮಾನ್ಯವಾಗಿ 'ಪ್ಯಾಕ್ಡ್' ರೂಪದಲ್ಲಿರುತ್ತದೆ, ಅಂದರೆ ಒಂದು ಬೈಟಿನಲ್ಲಿ ಎರಡು ಅಂಕಿ ಒತ್ತಿ ತುಂಬಿರುತ್ತದೆ. 1,250 ಹೀಗೆ ಮೂರು ಬೈಟಿನಲ್ಲಿ ಕೂರುತ್ತದೆ; ನಡುವಿನ ಬೈಟಿನ ಬೆಲೆ 37. ಈಗ ಇಡೀ ದಾಖಲೆಯನ್ನು ಒಟ್ಟಿಗೆ ಎಬ್ಸಿಡಿಕ್‌ನಿಂದ ಆಸ್ಕಿಗೆ ಬದಲಿಸಿಬಿಟ್ಟರೆ ಏನಾಗುತ್ತದೆ? ಪರಿವರ್ತಕಕ್ಕೆ 37 ಎಂದರೆ ಹಣವಲ್ಲ, ಸಾಲಿನ ಕೊನೆ. ಅದನ್ನು 10 ಮಾಡುತ್ತದೆ. ಮೊತ್ತ ಅಲ್ಲಿಗೆ ಅಂಕಿಯಾಗಿ ಉಳಿಯುವುದಿಲ್ಲ, ದಾಖಲೆ ನಡುವೆ ಎರಡಾಗಿ ಒಡೆಯುತ್ತದೆ. ಸ್ವಾರಸ್ಯವೆಂದರೆ, 1,260 ರೂಪಾಯಿ ಇದ್ದಿದ್ದರೆ ದಾಖಲೆ ಒಡೆಯುತ್ತಿರಲಿಲ್ಲ, ತಪ್ಪು ಬೇರೆ ವೇಷದಲ್ಲಿ ಬರುತ್ತಿತ್ತು. ಕೆಲವು ರೈತರ ಬಿಲ್ಲು ಸರಿ, ಕೆಲವರದು ತಪ್ಪು ಎಂಬ ಬಗೆಯ ದೂರು ಹುಟ್ಟುವುದು ಹೀಗೆ. ಅಕ್ಷರದ ಭಾಗವನ್ನಷ್ಟೇ ಬದಲಿಸಬೇಕು, ಅಂಕಿಯ ಭಾಗವನ್ನು ಮುಟ್ಟಬಾರದು. ಅಥವಾ ಮೊತ್ತವನ್ನೂ ಮೊದಲು ಅಕ್ಷರವಾಗಿ ಬಿಡಿಸಿ ಕಳಿಸಬೇಕು. ಕಡತವನ್ನು ಎಫ್‌ಟಿಪಿಯಲ್ಲಿ ಕಳಿಸುವಾಗ 'ಆಸ್ಕಿ' ಎಂದು ಕಳಿಸಬೇಕೋ 'ಬೈನರಿ' ಎಂದು ಕಳಿಸಬೇಕೋ ಎಂಬ ಹಳೆಯ ಪ್ರಶ್ನೆಯ ಒಳಗಿರುವುದೂ ಇದೇ.

ಅನುಕ್ರಮವೂ ಕೈಕೊಡುತ್ತದೆ. ಆಸ್ಕಿಯಲ್ಲಿ ಅಂಕಿಗಳು ಅಕ್ಷರಗಳಿಗಿಂತ ಮೊದಲು, ಎಬ್ಸಿಡಿಕ್‌ನಲ್ಲಿ ಅಕ್ಷರಗಳಾದ ಮೇಲೆ. ಹೊಲದ ನಂಬರುಗಳನ್ನು ಇಂಗ್ಲಿಷ್ ಅಕ್ಷರ ಸೇರಿಸಿ ಪಟ್ಟಿ ಮಾಡಿದರೆ ಪಿ.ಸಿ.ಯಲ್ಲಿ 121 ಮೊದಲು ಬಂದು 12ಎ ಆಮೇಲೆ ಬರುತ್ತದೆ. ಎಎಸ್/400ರಲ್ಲಿ 12ಎ ಮೊದಲು. ಎರಡು ಪಟ್ಟಿಗಳನ್ನೂ ಸಾಲಾಗಿ ತಾಳೆ ನೋಡುತ್ತ ಹೋಗುವ ಪ್ರೋಗ್ರಾಮು ಈ ಜಾಗಕ್ಕೆ ಬಂದಾಗ 'ಇಂಥ ನಂಬರೇ ಇಲ್ಲ' ಎಂದು ಹೇಳಿ ಮುಂದೆ ಹೋಗುತ್ತದೆ. ನಂಬರು ಎರಡೂ ಕಡೆ ಇದ್ದೇ ಇದೆ.

ಇವೆಲ್ಲಕ್ಕಿಂತ ಮೋಸದ್ದು 'ಹೋಗಿ ಬಂದ' ಪರೀಕ್ಷೆ. ಹೊಸಬರು ಸಾಮಾನ್ಯವಾಗಿ ಮಾಡುವುದು ಇದನ್ನೇ. ಒಂದು ಪದ ಕಳಿಸುತ್ತಾರೆ, ಆ ಕಡೆ ಅದು ಉಳಿಯುತ್ತದೆ, ಮತ್ತೆ ತರಿಸಿಕೊಳ್ಳುತ್ತಾರೆ, ಕಳಿಸಿದ್ದೇ ಬಂತು, ಪಾಸು. ಆದರೆ ಹೋಗುವಾಗಲೂ ಬರುವಾಗಲೂ ಒಂದೇ ತಪ್ಪು ಪಟ್ಟಿ ಬಳಸಿದ್ದರೆ ತಪ್ಪು ತನ್ನನ್ನು ತಾನೇ ಅಳಿಸಿಕೊಂಡಿರುತ್ತದೆ. ಎಬ್ಸಿಡಿಕ್ ಎಂಬುದೂ ಒಂದೇ ಅಲ್ಲ. ಅಮೆರಿಕದಲ್ಲಿ ಬಳಕೆಯ 037 ಎಂಬ ಪುಟ ಬೇರೆ, ಅಂತರರಾಷ್ಟ್ರೀಯ ಎಂದು ಕರೆಯುವ 500 ಬೇರೆ. ಎರಡರಲ್ಲೂ ಅಕ್ಷರ, ಅಂಕಿಗಳಿಗೆ ಒಂದೇ ಬೆಲೆ. ಚೌಕ ಕಂಸ, ಉದ್ಗಾರ ಚಿಹ್ನೆಯಂಥ ಕೆಲವಕ್ಕೆ ಮಾತ್ರ ಬೇರೆ. ತೆರೆಯುವ ಚೌಕ ಕಂಸಕ್ಕೆ ಒಂದರಲ್ಲಿ 186, ಇನ್ನೊಂದರಲ್ಲಿ 74. ತಪ್ಪು ಪುಟದಲ್ಲಿ ಹೋಗಿ ಅದೇ ಪುಟದಲ್ಲಿ ಬಂದರೆ ಕಂಸ ಕಂಸವಾಗಿಯೇ ಕಾಣುತ್ತದೆ. ಆರು ತಿಂಗಳಾದ ಮೇಲೆ ಬೇರೊಂದು ವಿಭಾಗದ ಪ್ರೋಗ್ರಾಮು ಅದೇ ಕಡತವನ್ನು ತೆರೆದಾಗ ಕಂಸದ ಜಾಗದಲ್ಲಿ ಇನ್ನೇನೋ ಕೂತಿರುತ್ತದೆ. ಮೋಡಿ ತಿಳಿಯದ ಇಬ್ಬರು ತಮ್ಮಲ್ಲೇ ಒಂದು ಗುಟ್ಟಿನ ಲಿಪಿ ಮಾಡಿಕೊಂಡು ಓದಿಕೊಂಡಂತೆ. ಮೂರನೆಯವನು ಬರುವವರೆಗೆ ಅದು ನಡೆಯುತ್ತದೆ.

ಬಲ್ಲ ಪರೀಕ್ಷಕರು ತೆರೆಯನ್ನು ನಂಬುವುದಿಲ್ಲ. ಕಳಿಸಿದ ಪದಕ್ಕೆ ಆ ಕಡೆ ಯಾವ ಅಂಕಿಗಳು ಬಿದ್ದಿರಬೇಕೆಂದು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು, ಕಡತದಲ್ಲಿ ಬಿದ್ದ ಬೈಟುಗಳನ್ನು ಅಂಕಿಯಾಗಿಯೇ ತೆಗೆದು ತಾಳೆ ನೋಡುತ್ತಾರೆ. ತಂತಿಯ ಮೇಲೆ ಹರಿದದ್ದರ ಜಾಡನ್ನು ಈ ಯಂತ್ರವೇ ಮುದ್ರಿಸಿ ಕೊಡಬಲ್ಲದು. ಜಾಡಿನ ಪಕ್ಕದಲ್ಲಿ ಅಕ್ಷರಗಳನ್ನು ಆಸ್ಕಿ ಎಂದು ಓದಿ ತೋರಿಸಬೇಕೋ ಎಬ್ಸಿಡಿಕ್ ಎಂದು ಓದಿ ತೋರಿಸಬೇಕೋ ಎಂಬುದನ್ನು ಕೇಳುವವರೇ ಹೇಳಬೇಕು. ಇನ್ನು, ಪ್ರತಿ ಕಡತಕ್ಕೂ, ಕಡತದ ಪ್ರತಿ ಅಕ್ಷರ ಕಟ್ಟಿಗೂ, ಸಿಸಿಎಸ್‌ಐಡಿ ಎಂಬ ಒಂದು ನಂಬರಿನ ಚೀಟಿ ಅಂಟಿರುತ್ತದೆ: ಇದು ಇಂಥ ಪಟ್ಟಿಯಲ್ಲಿದೆ ಎಂಬ ಚೀಟಿ. 65535 ಎಂಬ ಚೀಟಿ ಇದ್ದರೆ 'ಯಾವುದೆಂದು ಕೇಳಬೇಡ, ಬದಲಿಸಬೇಡ' ಎಂದರ್ಥ. ಹಳೆಯ ಕಡತಗಳಲ್ಲಿ ಈ ಚೀಟಿ ಬಹಳ. ಹಾಗಾಗಿ ಯಂತ್ರ ತಾನೇ ಮಾಡಬಹುದಾಗಿದ್ದ ಅನುವಾದವನ್ನೂ ಮಾಡದೆ ಸುಮ್ಮನಿರುತ್ತದೆ.

ಇಷ್ಟೂ ಇಂಗ್ಲಿಷಿನ ಕಥೆ. ಕನ್ನಡಕ್ಕೆ ಬಂದರೆ ಪರೀಕ್ಷೆ ನಿಜವಾಗಿ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಕೂತವರು ತಂತ್ರಾಂಶ ಪರೀಕ್ಷಿಸಲು ಬಳಸುವುದು ಇಂಗ್ಲಿಷಿನ 'ಹಲೋ'. ಆ ಐದು ಅಕ್ಷರ ಎಲ್ಲ ಪಟ್ಟಿಗಳಲ್ಲೂ ಇವೆ, ಎಲ್ಲ ಪರಿವರ್ತಕಗಳನ್ನೂ ದಾಟುತ್ತವೆ. ಬದಲಿಗೆ ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ಊರುಗಳ ಹೆಸರನ್ನು ಕನ್ನಡದಲ್ಲೇ ಕಳಿಸಿ ನೋಡಲಿ.

ಜಮಖಂಡಿ. ಭಾರತೀಯ ಭಾಷೆಗಳಿಗೆಂದು 1991ರಲ್ಲಿ ಪ್ರಮಾಣಿತವಾದ ಇಸ್ಕಿಯಲ್ಲಿ ಇದು ಆರು ಬೈಟು: ಜ, ಮ, ಖ, ಸೊನ್ನೆ, ಡ, ಗುಡಿಸು. ಅದೇ ವರ್ಷ ಮೊದಲ ಆವೃತ್ತಿ ಕಂಡ ಯೂನಿಕೋಡಿನಲ್ಲೂ ಆರೇ ಸಂಕೇತ. ಆದರೆ ಅವು ಯುಟಿಎಫ್-16 ರೂಪದಲ್ಲಿ ಹನ್ನೆರಡು ಬೈಟು ಹಿಡಿಯುತ್ತವೆ, ಯುಟಿಎಫ್-8 ರೂಪದಲ್ಲಿ ಹದಿನೆಂಟು. ಊರಿನ ಹೆಸರಿಗೆ ಹತ್ತು ಬೈಟು ಸಾಕು ಎಂದು ಹಿಂದೊಮ್ಮೆ ಯಾರೋ ತೀರ್ಮಾನಿಸಿದ್ದರೆ, ಇಂಗ್ಲಿಷಿನ ಒಂಬತ್ತು ಅಕ್ಷರದ ಜಮಖಂಡಿ ಅದರಲ್ಲಿ ಹಾಯಾಗಿ ಕೂರುತ್ತದೆ. ಯುಟಿಎಫ್-16 ಆದರೆ ಕೊನೆಯ ಗುಡಿಸು ಹಾರಿ 'ಜಮಖಂಡ' ಉಳಿಯುತ್ತದೆ. ಯುಟಿಎಫ್-8 ಆದರೆ 'ಜಮಖ' ಎಂಬಲ್ಲಿಗೆ ಒಂಬತ್ತು ಮುಗಿದು, ಹತ್ತನೆಯದು ಯಾವ ಅಕ್ಷರವೂ ಆಗದ ಮುರುಕು ಬೈಟು.

ಜಾಲದ ಮೇಲೆ ಇದು ಇನ್ನೂ ಕೆಟ್ಟದಾಗುತ್ತದೆ. ಸಂದೇಶದ ತಲೆಯಲ್ಲಿ 'ಮುಂದೆ ಬರುವುದು ಇಷ್ಟು ಉದ್ದ' ಎಂದು ಬರೆದು ಕಳಿಸುವುದು ರೂಢಿ. ಕಳಿಸಿದವರು ಸಂಕೇತಗಳನ್ನು ಎಣಿಸಿ ಆರು ಎಂದು ಬರೆದರು, ಪಡೆದವರು ಆರು ಬೈಟು ಓದಿಕೊಂಡರು ಎಂದಿಟ್ಟುಕೊಳ್ಳಿ. ಅವರ ಕೈಗೆ ಬಂದದ್ದು 'ಜಮ'. ಉಳಿದ ಹನ್ನೆರಡು ಬೈಟು ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ, ಮುಂದಿನ ಸಂದೇಶದ ತಲೆಯಾಗಿ ಕೂತಿದೆ. ಅಲ್ಲಿಂದಾಚೆ ಬಂದದ್ದೆಲ್ಲ ಒಂದೊಂದು ಮನೆ ಸರಿದು, ಇವನ ಹೆಸರಿಗೆ ಅವನ ಮೊತ್ತ. 'ಹಲೋ'ದಲ್ಲಿ ಐದು ಅಕ್ಷರಕ್ಕೆ ಐದೇ ಬೈಟಾದ್ದರಿಂದ ಪರೀಕ್ಷೆಯಲ್ಲಿ ಇದು ಎಂದೂ ಕಾಣಲಿಲ್ಲ. ಜೊತೆಗೆ ಟಿಸಿಪಿ ಒಂದು ಸಂದೇಶವನ್ನು ಎಲ್ಲಿ ಬೇಕಾದರೂ ತುಂಡು ಮಾಡಿ ಕೊಡಬಹುದು, 'ಖ' ಅಕ್ಷರದ ಮೂರು ಬೈಟಿನ ನಡುವೆಯೂ. ಒಂದೊಂದೇ ಬೈಟಾಗಿ ಕಳಿಸಿ ನೋಡುವ ಪರೀಕ್ಷೆ ಬೇಸರದ್ದು, ಆದರೆ ಇದನ್ನು ಹಿಡಿಯುವುದು ಅದೊಂದೇ.

ಎಬ್ಸಿಡಿಕ್‌ನ 037 ಪುಟದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಎಎಸ್/400ರ ವಂಶದ ಯಂತ್ರಗಳಲ್ಲಿ ಕನ್ನಡ ಇಡಬೇಕೆಂದರೆ ಆ ಅಂಕಣಕ್ಕೆ ಯೂನಿಕೋಡಿನ ಚೀಟಿ ಹಚ್ಚಬೇಕು: ಯುಟಿಎಫ್-16ಕ್ಕೆ 1200, ಯುಟಿಎಫ್-8ಕ್ಕೆ 1208. ಹಚ್ಚದೆ ಕಳಿಸಿದರೆ ಪರಿವರ್ತಕವು ಗುರುತು ಸಿಗದ ಪ್ರತಿ ಅಕ್ಷರದ ಬದಲು ಒಂದೇ ಬದಲಿ ಗುರುತನ್ನು ಇಡುತ್ತದೆ. ಆಗ ಜಮಖಂಡಿ ಬರೀ ಆರು ಬದಲಿ ಗುರುತು, ಹುನಗುಂದ ಬರೀ ಏಳು ಬದಲಿ ಗುರುತು. ಇಲ್ಲಿಂದ ಹಿಂದಿರುಗುವ ದಾರಿಯಿಲ್ಲ.

ಆದರೆ ನಮ್ಮಲ್ಲಿ ಕನ್ನಡವೆಂದು ಬಹುಕಾಲ ಟೈಪಾದದ್ದು ಇಸ್ಕಿಯೂ ಅಲ್ಲ, ಯೂನಿಕೋಡೂ ಅಲ್ಲ. ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ನೆಲೆಸಿದ್ದು ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟ್ ಸಂಕೇತ. ಆ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಫಾಂಟ್ ಸಂಕೇತದಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ಚಿತ್ರದ ತುಂಡುಗಳು. ಅವು ಕೂತಿರುವುದು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ. ನುಡಿಯಲ್ಲಿ ಜಮಖಂಡಿ ಎಂದರೆ ಏಳು ಬೈಟು: ಸಣ್ಣ 'ಡಿ', ಆಮೇಲೆ 'ಮ'ಕ್ಕೆ ಮೂರು ಯುರೋಪಿಯನ್ ಗುರುತು, ಖಕ್ಕೆ ದೊಡ್ಡ 'ಆರ್', ಸೊನ್ನೆಗೆ ದೊಡ್ಡ 'ಎ', ಡಿಗೆ ಸಣ್ಣ 'ಆರ್'. ಈ ಏಳೂ 037 ಪುಟದಲ್ಲಿ ಇರುವುದರಿಂದ ಎಬ್ಸಿಡಿಕ್‌ಗೆ ಹೋಗಿ ಸುಖವಾಗಿ ಹಿಂದಿರುಗುತ್ತವೆ. ಯೂನಿಕೋಡ್ ಕನ್ನಡ ಮುಗ್ಗರಿಸುವಲ್ಲಿ ಫಾಂಟ್ ಕನ್ನಡ ಪಾಸು! ಪರೀಕ್ಷಕ ಸಂತೋಷಪಡುವಷ್ಟರಲ್ಲಿ, ಲೆಕ್ಕದ ಪ್ರೋಗ್ರಾಮು ಹೆಸರುಗಳನ್ನೆಲ್ಲ ದೊಡ್ಡಕ್ಷರಕ್ಕೆ ತಿರುಗಿಸುತ್ತದೆ. ಇಂಗ್ಲಿಷ್ ಹೆಸರುಗಳಿಗೆ ಅದು ರೂಢಿಯ ಶಿಸ್ತು. ಸಣ್ಣ 'ಡಿ' ದೊಡ್ಡ 'ಡಿ' ಆಗುತ್ತದೆ, ಸಣ್ಣ 'ಆರ್' ದೊಡ್ಡ 'ಆರ್' ಆಗುತ್ತದೆ. ನುಡಿಯಲ್ಲಿ ದೊಡ್ಡ 'ಡಿ' ಎಂದರೆ ಆ, ದೊಡ್ಡ 'ಆರ್' ಎಂದರೆ ಖ. ಜಮಖಂಡಿ ಹೋಗಿ 'ಆಮಖಂಖ' ಎಂಬ ಊರು ಹುಟ್ಟುತ್ತದೆ.

ಊರಿನ ಹೆಸರಾದರೆ ನಕ್ಕು ತಿದ್ದಬಹುದು. ಮನುಷ್ಯರ ಹೆಸರಾದರೆ ನಗು ಬರುವುದಿಲ್ಲ. ಈ ಭಾಗದಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದ ಮೇಲೆ ಕೈಬರಹದ ಉತಾರದ ಕಾಲ ಮುಗಿಯಿತು. ಈಗ ಸಾಲಕ್ಕೆ, ಬೆಳೆ ವಿಮೆಗೆ, ಪರಿಹಾರಕ್ಕೆ ಉತಾರದ ಹೆಸರೂ ಪಾಸ್‌ಬುಕ್ಕಿನ ಹೆಸರೂ ಒಂದೇ ಎಂದು ಯಂತ್ರವೇ ಹೇಳಬೇಕು. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರಿಗೆ 'ಹೆಸರು ತಾಳೆಯಾಗಿಲ್ಲ' ಎಂಬ ಎರಡು ಪದದ ತೂಕ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಾಳೆಯಾಗದಿರಲು ಕಾಗುಣಿತವೇ ತಪ್ಪಾಗಿರಬೇಕಿಲ್ಲ. ಮುಧೋಳ ಎಂಬ ಹೆಸರನ್ನೇ ನೋಡಿ. ಯೂನಿಕೋಡಿನಲ್ಲಿ 'ಧೋ'ದ ಓಕಾರಕ್ಕೆ ಒಂದೇ ಸಂಕೇತವೂ ಉಂಟು. ಎಕಾರ, ಊಕಾರ, ದೀರ್ಘ ಎಂದು ಮೂರು ಸಂಕೇತಗಳನ್ನು ಸಾಲಾಗಿ ಇಟ್ಟರೂ ತೆರೆಯ ಮೇಲೆ ಅದೇ ಓಕಾರ. ಒಂದರಲ್ಲಿ ಮುಧೋಳ ಐದು ಸಂಕೇತ, ಇನ್ನೊಂದರಲ್ಲಿ ಏಳು. ಬೀಳಗಿಯ 'ಬೀ'ಗೂ ಇದೇ ಗತಿ, ಅಲ್ಲಿ ಐದರ ಬದಲು ಆರು. ಕೀಲಿಮಣೆಯಲ್ಲಿ ಹೊಸದಾಗಿ ಒತ್ತಿದ್ದು ಸಾಮಾನ್ಯವಾಗಿ ಮೊದಲ ಬಗೆಯದು. ಹಳೆಯ ಫಾಂಟಿನ ಕಡತವನ್ನು ಚಿತ್ರದ ತುಂಡು ತುಂಡಾಗಿಯೇ ಯೂನಿಕೋಡಿಗೆ ತಿರುಗಿಸಿದ್ದರೆ ಎರಡನೆಯ ಬಗೆಯದು. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ, ಯಂತ್ರಕ್ಕೆ ಎರಡು ಊರು. ಯೂನಿಕೋಡಿನವರೇ ಇವೆರಡೂ ಒಂದೇ ಎಂದು ನಿಯಮ ಮಾಡಿದ್ದಾರೆ, ಹೋಲಿಸುವ ಮೊದಲು ಒಂದೇ ರೂಪಕ್ಕೆ ತರುವ ವಿಧಾನವನ್ನೂ ಕೊಟ್ಟಿದ್ದಾರೆ. ಅದನ್ನು ಎರಡೂ ಕಡೆ ಮಾಡಬೇಕು. ಒಂದು ಕಡೆಯ ಪ್ರೋಗ್ರಾಮು ಮಾಡಿ ಇನ್ನೊಂದು ಕಡೆಯದು ಮಾಡದಿದ್ದರೆ ಮುಂಚೆ ತಾಳೆಯಾಗುತ್ತಿದ್ದವೂ ತಾಳೆ ತಪ್ಪುತ್ತವೆ.

ಉಳಿದದ್ದು ರಬಕವಿ-ಬನಹಟ್ಟಿ. ಒಟ್ಟು ಹದಿಮೂರು ಸಂಕೇತ, ಯುಟಿಎಫ್-8ರಲ್ಲಿ 37 ಬೈಟು. 'ಟ್ಟಿ'ಯ ಒತ್ತಕ್ಷರಕ್ಕೆ ಎಲ್ಲರೂ ಹೆದರುತ್ತಾರೆ, ಅದು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಕಾಡುವುದು ನಡುವಿನ ಆ ಅಡ್ಡಗೆರೆ. ಕೀಲಿಮಣೆಯ ಸಾದಾ ಅಡ್ಡಗೆರೆ ಆಸ್ಕಿಯಲ್ಲಿ 45, ಎಬ್ಸಿಡಿಕ್‌ನಲ್ಲಿ 96, ಸಲೀಸಾಗಿ ದಾಟುತ್ತದೆ. ಪತ್ರ ಬರೆಯುವ ತಂತ್ರಾಂಶಗಳು ಮಾತ್ರ ಅಂದ ಹೆಚ್ಚಿಸಲೆಂದು ಕೆಲವೊಮ್ಮೆ ತಾವಾಗಿಯೇ ಅದನ್ನು ಉದ್ದದ ಗೆರೆಯಾಗಿ ಬದಲಿಸಿಬಿಡುತ್ತವೆ. ಆ ಉದ್ದದ ಗೆರೆ 037 ಪುಟದಲ್ಲಿ ಇಲ್ಲ. ಹಾಗಾಗಿ ಇಂಗ್ಲಿಷಿನಲ್ಲೇ ಬರೆದ ಪಟ್ಟಿಯಲ್ಲೂ ಎರಡು ಊರಿನ ನಡುವೆ ಆ ಬದಲಿ ಗುರುತು ಬಂದು ಕೂರುತ್ತದೆ, 63ನೆಯ ಮನೆಯದು. ಒಂದು ಕಡತದಲ್ಲಿ ಸಾದಾ ಗೆರೆ, ಇನ್ನೊಂದರಲ್ಲಿ ಖಾಲಿ ಜಾಗ, ಮತ್ತೊಂದರಲ್ಲಿ ಈ ಬದಲಿ ಗುರುತು. ತಾಲ್ಲೂಕುವಾರು ಲೆಕ್ಕ ತೆಗೆದರೆ ಯಂತ್ರ ಮೂರು ತಾಲ್ಲೂಕುಗಳ ಹೆಸರು ಕೊಡುತ್ತದೆ, ಮೂರಕ್ಕೂ ಬೇರೆ ಬೇರೆ ಮೊತ್ತ ಕೂಡಿಸಿ.